ಛಾಪಾಕಾಗದದ ಸೋಡಚೀಟಿ: ಕುಮಟಾದ ಒಂದು ಜೀವನಾಂಶ ಪ್ರಕರಣದ ಅಧ್ಯಯನ

2024ರ ಆಗಸ್ಟ್ ತಿಂಗಳ ಮಳೆಯ ಒಂದು ಬೆಳಿಗ್ಗೆ, ಕುಮಟಾ ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯ ಕಚೇರಿಗೆ ಮೂವತ್ತನಾಲ್ಕು ವಯಸ್ಸಿನ ಮಹಿಳೆಯೊಬ್ಬರು ತಂದೆಯೊಂದಿಗೆ ಬಂದರು. ಮಗಳ ಹಳೆಯ ಶಾಲಾಚೀಲದೊಳಗಿನಿಂದ ಒಂದು ಪ್ಲಾಸ್ಟಿಕ್ ಕೊಟ್ಟೆ ತೆಗೆದು, ಅದರೊಳಗೆ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ ನೂರು ರೂಪಾಯಿಯ ಛಾಪಾಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಮಡಿಕೆಯ ಗೆರೆಯಲ್ಲಿ ಕಾಗದ ಹರಿಯುವಷ್ಟು ತೆಳುವಾಗಿತ್ತು. ಎಷ್ಟು ಸಲ ಬಿಡಿಸಿ ಓದಿದ್ದರೋ ಗೊತ್ತಿಲ್ಲ. ಆಕೆ ಕೇಳಿದ್ದು ಒಂದೇ ಪ್ರಶ್ನೆ: ಇದರಿಂದ ನನಗೆ ವಿಚ್ಛೇದನ ಆಗಿದೆಯೋ, ಇಲ್ಲವೋ?

ಸಮಿತಿಯ ವಕೀಲರ ಪಟ್ಟಿಯಲ್ಲಿದ್ದ ನನಗೆ ಈ ಪ್ರಕರಣವನ್ನು ವಹಿಸಲಾಯಿತು. ಆಕೆಯ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರಿನ ಹೆಸರುಗಳನ್ನು ಬಿಟ್ಟಿದ್ದೇನೆ. ಕೆಲವು ವಿವರ, ತಾರೀಕುಗಳನ್ನು ತುಸು ಬದಲಿಸಿದ್ದೇನೆ. ಕಾನೂನಿನ ಅಂಶಗಳಲ್ಲಿ ಯಾವ ಬದಲಾವಣೆಯೂ ಇಲ್ಲ.

ಆಕೆಯ ತವರು ಕುಮಟಾ ತಾಲೂಕಿನ ಅಘನಾಶಿನಿ ತೀರದ ಒಂದು ಹಳ್ಳಿ. 2014ರಲ್ಲಿ ಘಟ್ಟದ ಮೇಲೆ, ಶಿರಸಿ ತಾಲೂಕಿನ ಅಡಿಕೆ ತೋಟದ ಮನೆಯೊಂದಕ್ಕೆ ಮದುವೆಯಾಗಿ ಹೋದರು. 2016ರಲ್ಲಿ ಮಗಳು ಹುಟ್ಟಿದಳು. 2021ರಲ್ಲಿ ಎರಡನೆಯ ಬಸಿರು ಐದನೇ ತಿಂಗಳಲ್ಲಿ ನಷ್ಟವಾದ ಮೇಲೆ ಮನೆಯಲ್ಲಿ ಮಾತು ಒರಟಾಯಿತು. ಹೊಡೆತ ಬಡಿತ ನಡೆಯಲಿಲ್ಲ. ಆದರೆ ಊಟಕ್ಕೆ ಕೂತಲ್ಲಿ, ನೆಂಟರ ಎದುರಿನಲ್ಲಿ ದಿನವೂ ಹೀಯಾಳಿಕೆ ನಡೆಯಿತು. 2022ರ ಜೂನ್‌ನಲ್ಲಿ, ಶಾಲೆ ಸುರುವಾಗುವ ಮೊದಲು ನಾಲ್ಕು ದಿನ ತವರಿಗೆ ಹೋಗಿ ಬಾ ಎಂದು ಪತಿಯೇ ಬಸ್ಸು ಹತ್ತಿಸಿದರು. ಆಮೇಲೆ ಕರೆಯಲು ಯಾರೂ ಬರಲಿಲ್ಲ. ಫೋನು ಎತ್ತುವುದೂ ನಿಂತಿತು. ಆ ವರ್ಷದ ನವೆಂಬರ್‌ನಲ್ಲಿ ಎರಡೂ ಕಡೆಯ ಹಿರಿಯರು ಸೇರಿ ಪಂಚಾಯ್ತಿಕೆ ನಡೆಸಿ ಈ ಕಾಗದ ಬರೆಸಿದರು.

ಕಾಗದದಲ್ಲಿ ಇದ್ದದ್ದು ಮೂರು ಮಾತು. ಒಂದು, ಇಂದಿನಿಂದ ನಾವಿಬ್ಬರೂ ಪರಸ್ಪರ ಒಪ್ಪಿ ಬೇರೆಯಾಗಿದ್ದೇವೆ. ಎರಡು, ಐವತ್ತು ಸಾವಿರ ರೂಪಾಯಿ ಪಡೆದಿರುತ್ತೇನೆ, ಮುಂದೆ ಜೀವನಾಂಶ ಕೇಳುವುದಿಲ್ಲ. ಮೂರು, ನನ್ನದಾಗಲಿ ಮಗಳದಾಗಲಿ ಗಂಡನ ಮನೆಯ ಆಸ್ತಿಯಲ್ಲಿ ಯಾವ ಹಕ್ಕೂ ಉಳಿದಿರುವುದಿಲ್ಲ. ಕೆಳಗೆ ಆಕೆಯ ಸಹಿ, ಪತಿಯ ಸಹಿ, ನಾಲ್ವರು ಸಾಕ್ಷಿದಾರರ ಸಹಿ. ನಮ್ಮ ಕಡೆ ಇದನ್ನು ಇಂದಿಗೂ ಸೋಡಚೀಟಿ ಎನ್ನುವವರಿದ್ದಾರೆ.

ಸೋಡಚೀಟಿಯಿಂದ ಆಗುವುದೇನು, ಆಗದಿರುವುದೇನು

1955ರ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯನ್ನು ಮುರಿಯುವ ಅಧಿಕಾರ ಇರುವುದು ನ್ಯಾಯಾಲಯದ ಡಿಕ್ರಿಗೆ ಮಾತ್ರ. ಹಿರಿಯರ ಸಭೆಗಾಗಲಿ, ನೋಟರಿಯ ಮೊಹರಿಗಾಗಲಿ, ಛಾಪಾಕಾಗದಕ್ಕಾಗಲಿ ಆ ಶಕ್ತಿ ಇಲ್ಲ. ರೂಢಿಯಿಂದ ಬಂದ ವಿಚ್ಛೇದನವನ್ನು ಅದೇ ಕಾಯ್ದೆಯ 29(2)ನೇ ಕಲಂ ಉಳಿಸಿದೆ ಎಂಬುದು ನಿಜ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ನಿರಂತರವಾಗಿ ನಡೆದುಬಂದಿದೆ ಎಂದು ಅದನ್ನು ಹೇಳಿಕೊಳ್ಳುವವರೇ ಸಾಕ್ಷ್ಯದಿಂದ ಸಾಬೀತುಪಡಿಸಬೇಕು. ಈ ಕುಟುಂಬಗಳಲ್ಲಿ ಅಂಥ ರೂಢಿ ಇರಲಿಲ್ಲ. ಆದ್ದರಿಂದ ಆಕೆಯ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿತ್ತು: ವಿಚ್ಛೇದನ ಆಗಿಲ್ಲ, ಕಾನೂನಿನ ಕಣ್ಣಿನಲ್ಲಿ ಆಕೆ ಆ ಮನೆಯ ಸೊಸೆಯೇ.

ಎರಡನೆಯ ಮಾತು, ಅಂದರೆ ಜೀವನಾಂಶ ಕೇಳುವುದಿಲ್ಲ ಎಂಬ ಬರಹ, ಇದಕ್ಕಿಂತ ಹೆಚ್ಚು ಹೆಂಗಸರನ್ನು ಬಾಯಿ ಮುಚ್ಚಿಸಿ ಕೂರಿಸಿದೆ ಎಂಬುದು ನನ್ನ ಅನುಭವ. ಕಾನೂನು ಕೊಟ್ಟ ಜೀವನಾಂಶದ ಹಕ್ಕನ್ನು ಕರಾರಿನಿಂದ ಬಿಟ್ಟುಕೊಡಿಸುವುದು ಸಾರ್ವಜನಿಕ ನೀತಿಗೆ ವಿರುದ್ಧವೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಮಗುವಿನ ಮಟ್ಟಿಗಂತೂ ಚರ್ಚೆಗೇ ಜಾಗವಿಲ್ಲ, ಏಕೆಂದರೆ ಅದು ಮಗುವಿನ ಹಕ್ಕು. ತಾಯಿ ಸಹಿ ಹಾಕಿದಳೆಂದು ಮಗಳ ಅನ್ನದ ಹಕ್ಕು ಹೋಗುವುದಿಲ್ಲ.

ಮೊದಲನೆಯ ಮಾತು ಮಾತ್ರ ನಿಜವಾಗಿಯೂ ಅಪಾಯದ್ದಾಗಿತ್ತು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ಅದರ 4ನೇ ಉಪಕಲಂ ಪ್ರಕಾರ, ಸಕಾರಣವಿಲ್ಲದೆ ಗಂಡನ ಜೊತೆ ಬಾಳಲು ನಿರಾಕರಿಸುವ ಅಥವಾ ಪರಸ್ಪರ ಒಪ್ಪಿಗೆಯಿಂದ ಬೇರೆ ವಾಸಿಸುತ್ತಿರುವ ಹೆಂಡತಿಗೆ ಆ ಕಲಮಿನಡಿ ಜೀವನಾಂಶ ಸಿಗುವುದಿಲ್ಲ. ‘ಪರಸ್ಪರ ಒಪ್ಪಿ’ ಎಂಬ ಎರಡು ಪದ ಕಾಗದದಲ್ಲಿ ಸುಮ್ಮನೆ ಬಂದು ಕೂತದ್ದೋ, ತಿಳಿದವರು ಬರೆಸಿದ್ದೋ ನನಗೆ ತಿಳಿಯದು. ಎದುರು ಪಕ್ಷದವರು ಹಿಡಿಯುವುದು ಅದನ್ನೇ ಎಂಬುದು ಮೊದಲ ದಿನವೇ ಕಂಡಿತ್ತು.

ವಿಚ್ಛೇದನವಲ್ಲ, ಜೀವನಾಂಶ ಮೊದಲು

ಆಕೆಗೆ ಬೇಕಾದದ್ದೇನು ಎಂದು ಕೇಳಿದಾಗ ಬಂದ ಉತ್ತರ ಇಂದಿಗೂ ಕಿವಿಯಲ್ಲಿದೆ: “ಅಕ್ಕಾ, ಯಂಗೆ ಎಂತದೂ ಬ್ಯಾಡ, ಕೂಸಿನ ಶಾಲೆ ಖರ್ಚೊಂದು ಬಂದ್ರೆ ಸಾಕು.” ಎರಡು ವರ್ಷ ಆಕೆ ಸುಮ್ಮನಿದ್ದುದಕ್ಕೆ ಕಾರಣ ಎರಡು ತಪ್ಪು ತಿಳಿವಳಿಕೆಗಳು. ಜೀವನಾಂಶ ಬೇಕಾದರೆ ಮೊದಲು ವಿಚ್ಛೇದನಕ್ಕೆ ಹಾಕಬೇಕು ಎಂದು ಆಕೆ ನಂಬಿದ್ದರು; ವಿಚ್ಛೇದನ ಆಕೆಗೆ ಬೇಡವಾಗಿತ್ತು. ಅಪ್ಪನಿಗೆ ಪಿಂಚಣಿ ಇರುವುದರಿಂದ ಉಚಿತ ವಕೀಲರ ನೆರವು ಸಿಗದು ಎಂದೂ ನಂಬಿದ್ದರು. ಎರಡೂ ನಿಜವಲ್ಲ. ಮದುವೆ ಹಾಗೆಯೇ ಇರುವಾಗಲೂ ಜೀವನಾಂಶ ಕೇಳಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ವಕೀಲರ ಫೀಸು, ನ್ಯಾಯಾಲಯದ ಶುಲ್ಕ, ನೋಟೀಸಿನ ಖರ್ಚು, ದಾಖಲೆಗಳ ನಕಲಿನ ಖರ್ಚು ಎಲ್ಲವೂ ಅದರಲ್ಲಿ ಸೇರುತ್ತವೆ. ಹೀಗೆ ನೇಮಕವಾದ ವಕೀಲರು ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ನ್ಯಾಯಾಲಯದವರೆಗೆ ಬರಲಾಗದವರು 15100 ಸಂಖ್ಯೆಗೆ ಕರೆ ಮಾಡಿದರೂ ದಾರಿ ತಿಳಿಯುತ್ತದೆ.

ಮೂರು ಬಾಗಿಲುಗಳು ನಮ್ಮೆದುರಿಗಿದ್ದವು. ಒಂದು, 144ನೇ ಕಲಂ. ಎರಡು, 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ. ಅದರಲ್ಲಿ ಹಣದ ಪರಿಹಾರದ ಜೊತೆಗೆ ಆ ಮನೆಯಲ್ಲಿಯೇ ವಾಸಿಸುವ ಹಕ್ಕನ್ನೂ ಕೇಳಬಹುದು, ಮಾತಿನ ಹಿಂಸೆಯೂ ಅದರ ಅರ್ಥದಲ್ಲಿ ಹಿಂಸೆಯೇ. ಮೂರು, 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ಸಿವಿಲ್ ದಾವೆ. ಆಕೆಗೆ ಆ ಮನೆಗೆ ಮರಳುವ ಇಚ್ಛೆ ಇರಲಿಲ್ಲ, ಹಣ ಬೇಗ ಬೇಕಿತ್ತು. ಹಾಗಾಗಿ ಮೊದಲನೆಯದನ್ನು ಆರಿಸಿದೆವು. ಹೆಂಡತಿ ತಾನು ವಾಸವಿರುವ ಊರಿನ ನ್ಯಾಯಾಲಯದಲ್ಲಿಯೇ ಈ ಅರ್ಜಿ ಹಾಕಬಹುದಾದ್ದರಿಂದ ಪ್ರತಿ ತಾರೀಕಿಗೂ ಘಟ್ಟ ಹತ್ತುವ ಪ್ರಮೇಯ ಬರಲಿಲ್ಲ. 2024ರ ಆಗಸ್ಟ್ 19ರಂದು ಕುಮಟಾದ ಮ್ಯಾಜಿಸ್ಟ್ರೇಟರ ಮುಂದೆ ತಾಯಿ ಮತ್ತು ಮಗಳು ಇಬ್ಬರ ಹೆಸರಿನಲ್ಲೂ ಅರ್ಜಿ ದಾಖಲಾಯಿತು. ತಾಯಿಗೆ 8,000, ಮಗಳಿಗೆ 10,000 ರೂಪಾಯಿ ಮಾಸಿಕ ಜೀವನಾಂಶ ಕೇಳಿದೆವು. ಅದರ ಜೊತೆಯಲ್ಲೇ ಮಧ್ಯಂತರ ಜೀವನಾಂಶದ, ಅಂದರೆ ಪ್ರಕರಣ ಮುಗಿಯುವವರೆಗಿನ ಜೀವನಾಂಶದ ಅರ್ಜಿಯನ್ನೂ ಹಾಕಿದೆವು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. 2020ರ ನವೆಂಬರ್ 4ರಂದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಕೊಡಿಸಬೇಕೆಂದು ಇಡೀ ದೇಶದ ನ್ಯಾಯಾಲಯಗಳಿಗೆ ನಿರ್ದೇಶಿಸಿತು. ಆದೇಶ ಬರುವುದು ತಡವಾದರೂ ಹೆಂಡತಿಗೆ ನಷ್ಟವಾಗದಿರಲೆಂಬ ಒಳ್ಳೆಯ ನಿಯಮ ಅದು. ಆದರೆ ಅರ್ಜಿ ಹಾಕುವುದಕ್ಕೆ ಮೊದಲಿನ ಕಾಲಕ್ಕೆ ಅದು ಅನ್ವಯಿಸುವುದಿಲ್ಲ. 2022ರ ಜೂನ್‌ನಿಂದ 2024ರ ಆಗಸ್ಟ್‌ವರೆಗಿನ 26 ತಿಂಗಳು ಹೀಗೆಯೇ ಹೋದವು. ಮುಂದೆ ಸಿಕ್ಕ ಮಧ್ಯಂತರ ಮೊತ್ತದ, ಅಂದರೆ ತಿಂಗಳಿಗೆ 9,000 ರೂಪಾಯಿಯ ಲೆಕ್ಕದಲ್ಲಿಯೇ ಹಿಡಿದರೂ 2,34,000 ರೂಪಾಯಿ. ಆ ಮಗು ಒಂದನೇ ತರಗತಿಯಿಂದ ಮೂರನೇ ತರಗತಿಗೆ ಬಂದ ಕಾಲ ಅದು. ಅಷ್ಟೂ ದಿನದ ಖರ್ಚು ಅಜ್ಜನ ಪಿಂಚಣಿಯಿಂದ ಹೋಗಿತ್ತು. ಹಿರಿಯರ ಮಾತುಕತೆ ನಡೆಯಲಿ, ರಾಜಿಯ ಆಸೆಯೂ ಇರಲಿ. ಅರ್ಜಿ ಮಾತ್ರ ಮೊದಲು ದಾಖಲಾಗಲಿ ಎಂದು ನಾನು ಬಂದವರಿಗೆಲ್ಲ ಹೇಳುವುದು ಇದೇ ಕಾರಣಕ್ಕೆ. ಅರ್ಜಿ ಹಾಕಿದ ಮಾತ್ರಕ್ಕೆ ರಾಜಿಯ ಬಾಗಿಲು ಮುಚ್ಚುವುದಿಲ್ಲ.

ಎರಡು ನ್ಯಾಯಾಲಯ, ಎರಡು ಹೇಳಿಕೆ

ನೋಟೀಸು ಎರಡು ಬಾರಿ ‘ಮನೆಯಲ್ಲಿಲ್ಲ’ ಎಂಬ ಶರಾದೊಂದಿಗೆ ವಾಪಸು ಬಂತು. ಮೂರನೆಯ ಬಾರಿ ಜಾರಿಯಾಯಿತು. ಅಷ್ಟರಲ್ಲಿ ಅಕ್ಟೋಬರ್ ತಿಂಗಳಲ್ಲಿ ಪತಿ ಶಿರಸಿಯಲ್ಲಿ ವಿಚ್ಛೇದನದ ಅರ್ಜಿ ದಾಖಲಿಸಿದ್ದರು. ಆಧಾರ: ಎರಡು ವರ್ಷಕ್ಕೂ ಮಿಕ್ಕಿ ಪರಿತ್ಯಾಗ, ಅಂದರೆ ಹೆಂಡತಿ ಕಾರಣವಿಲ್ಲದೆ ತನ್ನನ್ನು ಬಿಟ್ಟುಹೋಗಿದ್ದಾಳೆ, ತಾನು ಎಷ್ಟು ಕರೆದರೂ ಬರಲಿಲ್ಲ. ಕುಮಟಾದಲ್ಲಿ ಸಲ್ಲಿಸಿದ ತಕರಾರಿನಲ್ಲಿ ಛಾಪಾಕಾಗದವನ್ನು ಲಗತ್ತಿಸಿ, ಇಬ್ಬರೂ ಪರಸ್ಪರ ಒಪ್ಪಿ ಬೇರೆಯಾಗಿರುವುದರಿಂದ 144(4)ರಂತೆ ಜೀವನಾಂಶ ಸಲ್ಲದು ಎಂದಿದ್ದರು.

ಎರಡೂ ಪ್ರತಿಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಿದ ರಾತ್ರಿ, ಈ ಪ್ರಕರಣದ ಕೀಲಿ ಸಿಕ್ಕಿತು ಎನ್ನಿಸಿತು. ಒಪ್ಪಿ ಬೇರೆಯಾಗಿದ್ದರೆ ಅದು ಪರಿತ್ಯಾಗ ಆಗದು. ಬಿಟ್ಟುಹೋದದ್ದೇ ನಿಜವಾದರೆ ಅಲ್ಲಿ ಒಪ್ಪಿಗೆ ಇರಲಿಲ್ಲ. ಒಬ್ಬರೇ ವ್ಯಕ್ತಿ ಒಂದೇ ತಿಂಗಳಲ್ಲಿ ಪ್ರಮಾಣಪೂರ್ವಕವಾಗಿ ಎರಡನ್ನೂ ಹೇಳಿದ್ದರು. ಶಿರಸಿಯ ಅರ್ಜಿಯ ದೃಢೀಕೃತ ನಕಲನ್ನು ಪಡೆದು ಕುಮಟಾದಲ್ಲಿ ಹಾಜರುಪಡಿಸಿದೆವು. ಅದರ ಜೊತೆಗೆ 2022ರ ಜುಲೈ ಮತ್ತು ಆಗಸ್ಟ್‌ನಲ್ಲಿ ಆಕೆ ಕಳಿಸಿದ್ದ ವಾಟ್ಸಾಪ್ ಸಂದೇಶಗಳನ್ನೂ ಕೊಟ್ಟೆವು. ‘ಶಾಲೆ ಸುರುವಾಯಿತು, ಯಾವಾಗ ಕರೆದುಕೊಂಡು ಹೋಗುತ್ತೀರಿ’ ಎಂಬ ಸಂದೇಶಕ್ಕೆ ನೋಡಿದ ಗುರುತು ಬಿದ್ದಿತ್ತು, ಉತ್ತರ ಇರಲಿಲ್ಲ. ಮೊಬೈಲಿನ ಸಂದೇಶಗಳನ್ನು ಸಾಕ್ಷ್ಯವಾಗಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಬರೀ ಪರದೆಯ ಚಿತ್ರವನ್ನು ಮುದ್ರಿಸಿಕೊಂಡು ಬಂದರೆ ತಕರಾರು ಬರುತ್ತದೆ. ಫೋನನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಹೊಸ ಫೋನು ಕೊಂಡು ಹಳೆಯದನ್ನು ವಿನಿಮಯಕ್ಕೆ ಕೊಟ್ಟು ಸಾಕ್ಷ್ಯ ಕಳೆದುಕೊಂಡವರನ್ನು ನೋಡಿದ್ದೇನೆ.

ಶಿರಸಿಯ ತಾರೀಕುಗಳಿಗೆ ಹೋಗಿ ಬರುವುದು ಆಕೆಗೆ ದೊಡ್ಡ ಹೊರೆಯಾಗಿತ್ತು. ಸುಮಾರು 60 ಕಿಲೋಮೀಟರ್ ದಾರಿ. ರಸ್ತೆ ಅಗಲೀಕರಣದ ಕೆಲಸ ನಡೆಯುತ್ತಿದ್ದ ದೇವಿಮನೆ ಘಟ್ಟ. ಒಂದು ತಾರೀಕಿಗೆ ಒಂದು ದಿನದ ಸಂಬಳ ಕಡಿತ. ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಂ ಪ್ರಕಾರ, ಒಂದೇ ಜಿಲ್ಲೆಯೊಳಗಿನ ಪ್ರಕರಣವನ್ನು ಒಂದು ನ್ಯಾಯಾಲಯದಿಂದ ಇನ್ನೊಂದಕ್ಕೆ ವರ್ಗಾಯಿಸುವ ಅಧಿಕಾರ ಜಿಲ್ಲಾ ನ್ಯಾಯಾಲಯಕ್ಕೂ ಇದೆ. ಧಾರವಾಡದ ಹೈಕೋರ್ಟ್ ಪೀಠಕ್ಕೇ ಹೋಗಬೇಕೆಂದಿಲ್ಲ. ಕಾರವಾರದ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿದೆವು. 2025ರ ಮಾರ್ಚ್‌ನಲ್ಲಿ ವಿಚ್ಛೇದನದ ಅರ್ಜಿ ಕುಮಟಾಕ್ಕೆ ವರ್ಗವಾಯಿತು. ಬಂದ ಕೂಡಲೇ ಅದರಲ್ಲಿ ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಡಿ ದಾವೆಯ ಖರ್ಚನ್ನು ಕೇಳಿದೆವು. ಎರಡೂ 24ನೇ ಕಲಮುಗಳೇ, ಕಾಯ್ದೆಗಳು ಬೇರೆ ಬೇರೆ. ಕಕ್ಷಿದಾರರು ಇದರಲ್ಲಿ ಗಲಿಬಿಲಿಗೊಳ್ಳುವುದು ಸಹಜ. ಈ ಎರಡನೆಯ 24ನೇ ಕಲಮಿನಲ್ಲಿ ‘ಪರಸ್ಪರ ಒಪ್ಪಿ ಬೇರೆ ವಾಸ’ ಎಂಬ ಅಡ್ಡಿ ಇಲ್ಲವೇ ಇಲ್ಲ. ವಿಚ್ಛೇದನದ ಅರ್ಜಿ ಹಾಕುವ ಮೂಲಕ, ಆ ಕಾಗದ ಮುಚ್ಚಬಹುದಾಗಿದ್ದ ಬಾಗಿಲಿನ ಪಕ್ಕದಲ್ಲಿ ಇನ್ನೊಂದು ಬಾಗಿಲನ್ನು ಪತಿಯೇ ತೆರೆದಿದ್ದರು.

ಅಡಿಕೆಯ ಲೆಕ್ಕ

ಜೀವನಾಂಶದ ಪ್ರಕರಣದಲ್ಲಿ ನೋವನ್ನು ಹೇಳಿಕೊಂಡರೆ ಮನಸ್ಸು ಹಗುರಾದೀತು, ಆದರೆ ಮೊತ್ತ ನಿಗದಿಯಾಗುವುದು ಆದಾಯದ ದಾಖಲೆಗಳ ಮೇಲೆ. ಸಂಬಳದಾರರಾದರೆ ವೇತನದ ಚೀಟಿ ತರಿಸಿದರೆ ಕೆಲಸ ಮುಗಿಯಿತು. ನಮ್ಮ ಜಿಲ್ಲೆಯ ತೋಟಿಗರ ಮನೆಗಳಲ್ಲಿ ಹಾಗಲ್ಲ. ಪಹಣಿ ತಂದೆಯ ಹೆಸರಿನಲ್ಲಿರುತ್ತದೆ, ಹಿಸೆ (ಪಾಲು) ಆಗಿರುವುದಿಲ್ಲ, ಕೃಷಿ ಆದಾಯಕ್ಕೆ ತೆರಿಗೆಯ ಕಾಗದವೂ ಇರುವುದಿಲ್ಲ. ಈ ಪ್ರಕರಣದಲ್ಲಿಯೂ ಪತಿ, ತಾನು ತಂದೆಯ ತೋಟದಲ್ಲಿ ಕೂಲಿಯಂತೆ ದುಡಿಯುತ್ತೇನೆ, ತಿಂಗಳಿಗೆ 8,000 ರೂಪಾಯಿ ಸಿಗುತ್ತದೆ ಎಂದು ಅಫಿಡವಿಟ್ ಸಲ್ಲಿಸಿದರು.

ರಜನೇಶ್ ತೀರ್ಪು ಎರಡೂ ಪಕ್ಷದವರು ಆಸ್ತಿ ಮತ್ತು ಹೊಣೆಗಳ ಅಫಿಡವಿಟ್ ಕೊಡುವುದನ್ನು ಕಡ್ಡಾಯಗೊಳಿಸಿದೆ. ಕೃಷಿಕರಿಗೆಂದೇ ಅದರಲ್ಲಿ ಬೇರೆ ನಮೂನೆ ಇದೆ ಎಂಬುದನ್ನು ಗಮನಿಸುವವರು ಕಡಿಮೆ. ಜಮೀನಿನ ವಿಸ್ತೀರ್ಣ ಮತ್ತು ಅದರಲ್ಲಿನ ಪಾಲು, ನೀರಾವರಿ, ಬೆಳೆ, ಜಾನುವಾರು, ಸಾಲ ಎಲ್ಲವನ್ನೂ ಅದು ಕೇಳುತ್ತದೆ. ಪತಿ ಸಂಬಳದಾರರ ನಮೂನೆಯಲ್ಲಿ ಖಾಲಿ ಗೆರೆಗಳನ್ನೇ ತುಂಬಿ ಕೊಟ್ಟಿದ್ದರು. ಕೃಷಿಕರ ನಮೂನೆಯಲ್ಲಿಯೇ ಕೊಡಿಸಬೇಕೆಂದು ನಾವು ಹಟ ಹಿಡಿದು ಕೇಳಿದೆವು, ನ್ಯಾಯಾಲಯ ಒಪ್ಪಿತು.

ನಮ್ಮ ಕಡೆಯ ಅಫಿಡವಿಟ್ ಬಗ್ಗೆಯೂ ಹೇಳಬೇಕು. ಆಕೆ ಕುಮಟಾದ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದರು, ತಿಂಗಳಿಗೆ 8,500 ರೂಪಾಯಿ. ಇದನ್ನು ಹೇಳದಿದ್ದರಾಗದೇ ಎಂದು ಆಕೆಯ ತಂದೆ ಕೇಳಿದರು. ಹೇಳಲೇಬೇಕು ಎಂದೆ. ದುಡಿಯುವ ಹೆಂಡತಿಗೆ ಜೀವನಾಂಶವೇ ಇಲ್ಲ ಎಂಬುದು ತಪ್ಪು. ದುಡಿಯುವ ಶಕ್ತಿ ಇರುವುದು ಬೇರೆ, ನಿಜವಾಗಿ ದುಡಿಯುತ್ತಿರುವುದು ಬೇರೆ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಹೇಳಿದೆ. ದುಡಿಯುತ್ತಿದ್ದರೂ ಆ ಹಣ ಗಂಡನ ಮನೆಯಲ್ಲಿದ್ದ ಮಟ್ಟದ ಬದುಕಿಗೆ ಸಾಲುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಸುಳ್ಳು ಅಫಿಡವಿಟ್ ಸಿಕ್ಕಿಬಿದ್ದರೆ ಮಾತ್ರ ಉಳಿದ ನೂರು ನಿಜಗಳ ಮೇಲೂ ಅನುಮಾನ ಬೀಳುತ್ತದೆ.

2025ರ ಫೆಬ್ರವರಿ 19ರಂದು ಮಧ್ಯಂತರ ಆದೇಶ ಬಂತು: ತಾಯಿಗೆ 4,000, ಮಗಳಿಗೆ 5,000, ಅರ್ಜಿಯ ದಿನದಿಂದ. ನೋಟೀಸು ಜಾರಿಯಾದ ಅರವತ್ತು ದಿನದೊಳಗೆ ಸಾಧ್ಯವಾದ ಮಟ್ಟಿಗೆ ಮಧ್ಯಂತರ ಅರ್ಜಿ ಮುಗಿಯಬೇಕೆಂದು ಕಾನೂನು ಹೇಳುತ್ತದೆ; ಇಲ್ಲಿ ಅರ್ಜಿ ಹಾಕಿ ಆರು ತಿಂಗಳೇ ಕಳೆದಿತ್ತು. ಬಾಕಿ 54,000 ರೂಪಾಯಿ ಒಟ್ಟಿಗೆ ಸಲ್ಲಬೇಕಾಯಿತು. ಛಾಪಾಕಾಗದದ ವಿಷಯದಲ್ಲಿ, ಮಗಳಿಗೆ ಅದು ಅನ್ವಯಿಸುವುದೇ ಇಲ್ಲ, ಪತ್ನಿಯ ಮಟ್ಟಿಗೆ ಪತಿಯ ಹೇಳಿಕೆಗಳು ಒಂದಕ್ಕೊಂದು ಹೊಂದದಿರುವುದರಿಂದ ಈ ಹಂತದಲ್ಲಿ ಅದನ್ನು ನೆಚ್ಚಲಾಗದು ಎಂದು ನ್ಯಾಯಾಲಯ ಹೇಳಿತು.

ಮೊತ್ತ ಕಡಿಮೆಯಾಯಿತು. ಅದರಲ್ಲಿ ನನ್ನ ಪಾಲಿನ ತಪ್ಪೂ ಇದೆ. ಅಡಿಕೆ ಮಾರಾಟದ ದಾಖಲೆಗಳನ್ನು ತರಿಸುವ ಅರ್ಜಿಯನ್ನು ನಾನು ಮೊದಲ ತಾರೀಕಿನಲ್ಲೇ ಹಾಕಬೇಕಿತ್ತು. ಪತಿಯ ಅಫಿಡವಿಟ್ ಬರಲಿ ಎಂದು ಕಾದು ನಾಲ್ಕು ತಿಂಗಳು ಕಳೆದೆ. ಆದೇಶವಾದ ಮೇಲೆ, ದಾಖಲೆ ಹಾಜರುಪಡಿಸಲು ಸಮನ್ಸ್ ಕಳಿಸುವ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ, ಅಡಿಕೆ ವ್ಯವಹಾರದ ಸಹಕಾರಿ ಸಂಘದಿಂದ ಎರಡು ವರ್ಷದ ಲೆಕ್ಕ ತರಿಸಿದೆವು. ಯಾವ ಸಂಘ ಎಂಬುದನ್ನು ಹೇಳಿದವರು ಆಕೆಯೇ. ಚಾಲಿ (ಒಣಗಿಸಿದ ಅಡಿಕೆ) ಸುಲಿದ ಮೇಲೆ ಚೀಲ ತುಂಬಿ ಹೊಲಿದು, ಚೀಲದ ಮೇಲೆ ಹಸಿರು ಶಾಯಿಯಲ್ಲಿ ಸದಸ್ಯ ಸಂಖ್ಯೆ ಬರೆಯುವ ಕೆಲಸ ಎಂಟು ವರ್ಷ ಆಕೆಯದಾಗಿತ್ತು. ಸಂಖ್ಯೆ ಆಕೆಗೆ ಬಾಯಿಪಾಠವಿತ್ತು, ಮತ್ತು ಅದು ಮಾವನ ಸಂಖ್ಯೆಯಲ್ಲ, ಗಂಡನದು.

ಲೆಕ್ಕದ ಹಾಳೆ ಬಂದಾಗ, ಪತಿಯ ಸ್ವಂತ ಸದಸ್ಯತ್ವದಲ್ಲಿ 2022–23ರಲ್ಲಿ 14 ಕ್ವಿಂಟಲ್, 2023–24ರಲ್ಲಿ 13 ಕ್ವಿಂಟಲ್ ಚಾಲಿ ಮಾರಾಟವಾಗಿ, ಹಣ ಅವರ ಖಾತೆಗೇ ಜಮಾ ಆಗಿತ್ತು. ಕ್ವಿಂಟಲಿಗೆ 35,000 ರೂಪಾಯಿಯಂತೆ ಹಿಡಿದರೆ ಎರಡನೆಯ ವರ್ಷಕ್ಕೆ 4,55,000. ಅಡಿಕೆ ಕೊನೆ ಕೊಯ್ಯುವ ಕೂಲಿ, ಔಷಧಿ ಹೊಡೆಸುವುದು, ಗೊಬ್ಬರ, ಸುಲಿಯುವ ಖರ್ಚು ಎಂದು ನೂರಕ್ಕೆ ನಲವತ್ತು ಕಳೆದರೂ 2,73,000 ಉಳಿಯುತ್ತದೆ, ತಿಂಗಳಿಗೆ 22,750. ಆ ವರ್ಷ ಕೊಳೆ ರೋಗದಿಂದ ಬೆಳೆ ಹೋಯಿತೆಂದು ಎದುರು ವಕೀಲರು ವಾದಿಸಿದರು. ಘಟ್ಟದ ಮೇಲಿನ ಮಳೆಯಲ್ಲಿ ಕೊಳೆ ಬರುವುದು ಸುಳ್ಳಲ್ಲ. ಆ ನಷ್ಟ ಕಳೆದ ಮೇಲಿನ ಅಡಿಕೆಯೇ ಸಂಘದ ತಕ್ಕಡಿಗೆ ಬಂದದ್ದು ಎಂಬುದಷ್ಟೇ ನಮ್ಮ ಉತ್ತರವಾಗಿತ್ತು. ಪಾಟೀ ಸವಾಲಿನಲ್ಲಿ 8,000 ರೂಪಾಯಿ ಕೂಲಿಯ ಮಾತಿನ ಮೇಲೆ ಪತಿಗೆ ನಿಲ್ಲಲಾಗಲಿಲ್ಲ.

ಬಾಕಿ ಮತ್ತು ವಾರಂಟ್

ಆದೇಶ ಕೈಗೆ ಬಂದರೂ ಹಣ ಕೈಗೆ ಬರಬೇಕಲ್ಲ. ಬಾಕಿಯನ್ನೂ ಏಪ್ರಿಲ್‌ವರೆಗಿನದ್ದನ್ನೂ ಕೊಟ್ಟ ಪತಿ ಮೇ ತಿಂಗಳಿಂದ ನಿಲ್ಲಿಸಿದರು. ನಾಲ್ಕು ತಿಂಗಳು, 36,000 ರೂಪಾಯಿ. ಹೀಗಾದಾಗ ಬಾಕಿಯ ವಸೂಲಿಗೆ ವಾರಂಟ್ ಕೇಳಬಹುದು. ವಾರಂಟ್ ಜಾರಿಯಾದರೂ ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಆದರೆ ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿರಬೇಕು. ವರ್ಷ ದಾಟಿದರೆ ಆ ಬಾಕಿಗೆ ಈ ದಾರಿ ಮುಚ್ಚುತ್ತದೆ. ಗಂಡನನ್ನು ಜೈಲಿಗೆ ಕಳಿಸುವುದು ಆಕೆಗೂ ಬೇಕಿರಲಿಲ್ಲ, ಮಗಳ ತಂದೆ ಅವರು. ಆದರೂ ಅರ್ಜಿ ಹಾಕಿಸಿದೆ. ಆಗಸ್ಟ್ ಕೊನೆಯ ತಾರೀಕಿಗೆ ಪೂರ್ಣ ಬಾಕಿಯ ಡಿಮ್ಯಾಂಡ್ ಡ್ರಾಫ್ಟ್ ನ್ಯಾಯಾಲಯದಲ್ಲಿಯೇ ಕೈಗೆ ಬಂತು. ಮುಂದಿನ ವಾರ ಎದುರು ವಕೀಲರು ರಾಜಿಯ ಪ್ರಸ್ತಾಪ ಕಳಿಸಿದರು.

ರಾಜಿಯ ಕರಡು

ಈ ಹೊತ್ತಿಗೆ ಆಕೆಯ ಮನಸ್ಸೂ ಬದಲಾಗಿತ್ತು. ಮೂರು ವರ್ಷ ಕಳೆದ ಮೇಲೆ, ಹೆಸರಿಗೆ ಮಾತ್ರ ಉಳಿದ ಮದುವೆಯಿಂದ ಬಿಡುಗಡೆಯಾಗುವುದೇ ಒಳ್ಳೆಯದೆಂದು ಆಕೆ ತಾವಾಗಿಯೇ ಹೇಳಿದರು. ಆ ಮಾತು ಆಕೆಯ ಬಾಯಿಂದಲೇ ಬರಲೆಂದು ನಾನು ಕಾದಿದ್ದೆ. ವಿಚ್ಛೇದನ ಬೇಕೋ ಬೇಡವೋ ಎಂಬುದನ್ನು ವಕೀಲರಾಗಲಿ ತವರಿನವರಾಗಲಿ ತೀರ್ಮಾನಿಸಬಾರದು. ನ್ಯಾಯಾಲಯ ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳಿಸಿತು. ಮಧ್ಯಸ್ಥಿಕೆಯಲ್ಲಿ ಯಾರು ಏನು ಹೇಳಿದರೆಂಬುದು ಗೋಪ್ಯ. ಸಹಿಯಾದ ಒಪ್ಪಂದದ ವಿಷಯವನ್ನಷ್ಟೇ ಬರೆಯುತ್ತೇನೆ.

ಆಕೆಗೆ ಶಾಶ್ವತ ಜೀವನಾಂಶವಾಗಿ 9 ಲಕ್ಷ ರೂಪಾಯಿ, ಮೂರು ಕಂತುಗಳಲ್ಲಿ: ಜಂಟಿ ಅರ್ಜಿ ಸಲ್ಲಿಸುವ ದಿನ 3 ಲಕ್ಷ, ಡಿಕ್ರಿಯ ದಿನ 3 ಲಕ್ಷ, ಅಡಿಕೆ ಮಾರಾಟವಾಗುವ ಕಾಲವನ್ನು ನೋಡಿಕೊಂಡು 2026ರ ಮಾರ್ಚ್ ಕೊನೆಯೊಳಗೆ ಉಳಿದ 3 ಲಕ್ಷ. ಮಗಳಿಗೆ ತಿಂಗಳಿಗೆ 7,000, ಎರಡು ವರ್ಷಕ್ಕೊಮ್ಮೆ 1,000 ಹೆಚ್ಚಳ. 144ನೇ ಕಲಂ ಮಗುವಿಗೆ ಹದಿನೆಂಟು ತುಂಬುವವರೆಗಿನ ಮಾತನ್ನು ಮುಖ್ಯವಾಗಿ ಹೇಳುತ್ತದೆ. ಕಾಲೇಜಿನ ಖರ್ಚು ಸುರುವಾಗುವುದೇ ಆ ವಯಸ್ಸಿಗೆ. ಮದುವೆಯಾಗದ ಮಗಳನ್ನು ಪೋಷಿಸುವ ತಂದೆಯ ಹೊಣೆ 1956ರ ಕಾಯ್ದೆಯ 20(3)ನೇ ಕಲಮಿನಲ್ಲಿ ಹದಿನೆಂಟರ ಆಚೆಗೂ ಇದೆ. ಅದನ್ನು ಆಧರಿಸಿ, ಓದು ಮುಗಿದು ಉದ್ಯೋಗ ಸಿಗುವವರೆಗೆ ಅಥವಾ ಮದುವೆಯಾಗುವವರೆಗೆ ಎಂದು ಬರೆಸಿದೆವು.

ಕೊಡುತ್ತೇನೆಂಬ ಮಾತಿಗೆ ಆಧಾರ ಬೇಕಿತ್ತು. ಶಾಶ್ವತ ಜೀವನಾಂಶದ ಮೊತ್ತಕ್ಕೆ ಸ್ಥಿರಾಸ್ತಿಯ ಮೇಲೆ ಋಣಭಾರ ಹಾಕಬಹುದೆಂದು ಹಿಂದೂ ವಿವಾಹ ಕಾಯ್ದೆಯ 25ನೇ ಕಲಂ ಹೇಳುತ್ತದೆ. ಪಹಣಿ ಮಾವನ ಹೆಸರಿನಲ್ಲಿದ್ದುದರಿಂದ ಅವರನ್ನೂ ಒಪ್ಪಂದದ ಪಕ್ಷದಾರರನ್ನಾಗಿ ಸೇರಿಸಿ, ಒಂದು ಎಕರೆ ಭಾಗಾಯತ (ತೋಟದ) ಜಮೀನಿನ ಮೇಲೆ ಮೂರನೇ ಕಂತಿಗೂ ಮಗಳ ಮಾಸಿಕ ಮೊತ್ತಕ್ಕೂ ಋಣಭಾರ ನೋಂದಾಯಿಸಿ, ಪಹಣಿಯ 11ನೇ ಕಾಲಂನಲ್ಲಿ ನಮೂದು ಮಾಡಿಸಿದೆವು. ಮದುವೆಯಲ್ಲಿ ತವರಿನವರು ಹಾಕಿದ್ದ ಎರಡೆಳೆ ಸರ, ನಾಲ್ಕು ಬಳೆಗಳು ಮದುವೆಯ ಫೋಟೋ ಆಲ್ಬಮಿನ ಆಧಾರದ ಮೇಲೆ ವಾಪಸು ಬಂದವು. ಸ್ತ್ರೀಧನ ಜೀವನಾಂಶದ ಭಾಗವಲ್ಲ, ಅದು ಆಕೆಯದೇ ವಸ್ತು. ಮಗಳು ತಾಯಿಯ ಬಳಿ ಇರುವುದು, ತಿಂಗಳಿಗೆ ಒಂದು ಭಾನುವಾರ ಮತ್ತು ಬೇಸಿಗೆ ರಜೆಯ ಹದಿನೈದು ದಿನ ತಂದೆಯ ಜೊತೆ ಕಳೆಯುವುದು ಎಂದಾಯಿತು. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಅಜ್ಜನ ಮನೆಗೆ ಹೋಗಬೇಕೆಂಬುದು ಮಗಳದೇ ಬೇಡಿಕೆ, ಅದನ್ನೂ ಸೇರಿಸಿದೆವು.

ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಜಂಟಿ ಅರ್ಜಿ ಅಕ್ಟೋಬರ್‌ನಲ್ಲಿ ದಾಖಲಾಯಿತು. ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು. ಬೇರೆಯಾಗಿ ಬಹುಕಾಲವಾಗಿದ್ದು, ರಾಜಿಯ ಯತ್ನಗಳೆಲ್ಲ ಮುಗಿದು, ಜೀವನಾಂಶ ಮತ್ತು ಮಗುವಿನ ವಿಷಯ ಇತ್ಯರ್ಥವಾಗಿದ್ದರೆ ಆ ಅವಧಿಯನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಮನ್ನಾ ಸಿಕ್ಕಿತು. ಡಿಸೆಂಬರ್‌ನಲ್ಲಿ ಎರಡನೇ ಕಂತಿನ ಡ್ರಾಫ್ಟ್ ಪರಿಶೀಲಿಸಿದ ಮೇಲೆಯೇ ಆಕೆ ಅಂತಿಮ ಹೇಳಿಕೆ ಕೊಟ್ಟರು. ಮೊತ್ತ ಇನ್ನೂ ಹೆಚ್ಚಾಗಬೇಕಿತ್ತೆಂಬುದು ನನ್ನ ಅಭಿಪ್ರಾಯ. ಪೂರ್ತಿ ವಿಚಾರಣೆ, ಮೇಲ್ಮನವಿ ಎಂದು ಇನ್ನೂ ನಾಲ್ಕೈದು ವರ್ಷ ಎಳೆಯುವುದು ಬೇಡವೆಂಬುದು ಆಕೆಯ ನಿರ್ಧಾರ. ಬದುಕು ಆಕೆಯದು, ನಾನು ಒತ್ತಾಯಿಸಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಪಟ್ಟು ಬಿಡಲಿಲ್ಲ. ಎದುರು ಕಡೆಯಿಂದ ಬಂದ ಕರಡಿನ ಕೊನೆಯ ಪುಟದಲ್ಲಿ, ಛಾಪಾಕಾಗದದ ಮೂರನೆಯ ಮಾತು ಹೆಚ್ಚು ಕಡಿಮೆ ಅದೇ ಪದಗಳಲ್ಲಿ ಮತ್ತೆ ಕಾಣಿಸಿಕೊಂಡಿತ್ತು: ಮುಂದೆ ಮಗಳಿಗೆ ಕುಟುಂಬದ ತೋಟದಲ್ಲಿ ಯಾವ ಹಕ್ಕೂ ಇರುವುದಿಲ್ಲ. ವಿಚ್ಛೇದನದಿಂದ ಹೆಂಡತಿ ಗಂಡನ ವಾರಸುದಾರಳಾಗಿ ಉಳಿಯುವುದಿಲ್ಲ, ಅದು ಸರಿ. ಆದರೆ ಮಗಳು ಮಗಳಾಗಿಯೇ ಉಳಿಯುತ್ತಾಳೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಂತೆ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಬರುತ್ತದೆ. ಸುಪ್ರೀಂ ಕೋರ್ಟಿನ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಅದನ್ನು ಇನ್ನಷ್ಟು ಗಟ್ಟಿಗೊಳಿಸಿದೆ. ಅಪ್ರಾಪ್ತ ಮಗುವಿನ ಸ್ಥಿರಾಸ್ತಿಯ ಹಕ್ಕನ್ನು ನ್ಯಾಯಾಲಯದ ಅನುಮತಿ ಇಲ್ಲದೆ ಬಿಟ್ಟುಕೊಡುವ ಅಧಿಕಾರ ತಾಯಿಗೂ ಇಲ್ಲ, ತಂದೆಗೂ ಇಲ್ಲ. ಆ ಸಾಲನ್ನು ತೆಗೆಯದ ಹೊರತು ಸಹಿ ಹಾಕುವುದಿಲ್ಲ ಎಂದು ಆಕೆಯೇ ಬರಹದಲ್ಲಿ ತಿಳಿಸಿದರು. ಎರಡು ದಿನದ ನಂತರ ಕರಡು ವಾಪಸು ಬಂತು. ಆ ಸಾಲಿನ ಮೇಲೆ ನೀಲಿ ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಪತಿ ಮತ್ತು ಮಾವ ಇಬ್ಬರೂ ಸಣ್ಣ ಸಹಿ ಹಾಕಿದ್ದರು. ಆಕೆ ಗೆರೆಯ ಕೆಳಗಿನ ಅಕ್ಷರಗಳನ್ನು ಒಮ್ಮೆ ಬೆರಳಿಟ್ಟು ಓದಿ, ತಮ್ಮ ಸಹಿಯನ್ನೂ ಅಲ್ಲಿಯೇ ಹಾಕಿದರು.